ಕೌದಿಯ ಹೊಟ್ಟೆ

ಹೊಲಿಗೆಯೊಳಗೆ ಬ್ಲೇಡು ಇಳಿಯಿತು. ಕಾವಲುಗಾರ ಮಾಳಪ್ಪ ಹಳೆ ಬಟ್ಟೆಗಳ ಹೊದಿಕೆಯಾದ ಕೌದಿಯ ಮೂಲೆಯನ್ನು ಹಿಡಿದು ಕೊಡವಿದ. ಸಾರಾಯಿ ಪಾಕೀಟೊಂದು ಜಾರಿ ನೆಲಕ್ಕೆ ಬಿತ್ತು.

"ನಂದಲ್ಲ," ಎಂದ ಖಾದರ. ಕೌದಿ ಮಾತ್ರ ಅವನದೇ.

"ಇಲ್ಲಿ ಸಿಕ್ಕದ್ದೊಂದೂ ಯಾರದೂ ಅಲ್ಲ ಬಿಡ," ಮಾಳಪ್ಪ ನಕ್ಕ. "ಎಲ್ಲಾ ದೇವರದು."

೨೦೦೬ರ ಬೇಸಿಗೆ. ನರಗುಂದದ ಗುಡ್ಡದ ಕೆಳಗಿನ ಆ ಮನೆ ಸರ್ಕಾರದ ಅನುದಾನದಲ್ಲಿ ನಡೆಯುತ್ತಿತ್ತು. ಕುಡಿತ ಬಿಡಿಸುವ ದವಾಖಾನೆಯಿಂದ ಹೊರಬಂದವರು ಊರಿಗೆ ಮರಳುವ ಮುನ್ನ ಕೆಲವು ತಿಂಗಳು ಅಲ್ಲಿರಬೇಕು. ಹಗಲು ಕೆಲಸ, ಸಂಜೆಗೆ ವಾಪಸು. ಹಾಸಿಗೆಯಲ್ಲಿ ಸಾರಾಯಿ ಸಿಕ್ಕರೆ ಶಿಕ್ಷೆ ಒಂದೇ—ಇನ್ನೊಂದು ಅವಧಿ, ಮತ್ತೆ ಮೊದಲಿನಿಂದ. ಖಾದರನ ಅವಧಿ ಅಂದೇ ಮುಗಿದಿತ್ತು. ಟ್ರಂಕು ಮಾಡುವ ತಗಡಿನ ಕೆಲಸ ಅವನದು, ಊರು ಬೆಳವಣಕಿ. ಕರೆದೊಯ್ಯಲು ಬಂದ ಹೆಂಡತಿ ಮುಮತಾಜಬಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು.

ಮೇಲ್ವಿಚಾರಕಿ ಸೈರಾಬಾನು ಪಾಕೀಟನ್ನು ಎತ್ತಿ ನೋಡಿದಳು. ಒಡೆದಿರಲಿಲ್ಲ.

"ಯಾರ ಮ್ಯಾಲರ ಅನುಮಾನ ಐತೇನು, ಖಾದರ?"

ಖಾದರನ ಕಣ್ಣು ಪಕ್ಕದ ಮಂಚಕ್ಕೆ ಹೋಗಿ ಬಂತು. ಅದು ರಿಯಾಜನದು. ಅವನಿಗೆ ಬಿಡುಗಡೆ ಇನ್ನೂ ದೂರ. ಇಬ್ಬರೂ ಮೊನ್ನೆಯಷ್ಟೇ ಜಗಳಾಡಿದ್ದರು.

"ಏನ್ ನೋಡ್ತಿ ಹಂಗ?" ರಿಯಾಜ ರೇಗಿದ. "ಅಕ್ಕಾರ, ಪಾಕೀಟ ನನ್ನ ಕೈಗೆ ಸಿಕ್ಕಿದ್ರ ಸೂಜಿ ದಾರ ಹುಡಕ್ಕೋತ ಕುಂದರತಿದ್ನೇನ್ರಿ? ಕುಡದ ಬಿಡತಿದ್ದೆ!"

ಒಬ್ಬಿಬ್ಬರು ನಕ್ಕರು. ಸೈರಾಬಾನು ನಗಲಿಲ್ಲ. ರಿಯಾಜ ಹೇಳಿದ್ದು ಸರಿ. ಕುಡಿಯುವವನು ಇಷ್ಟು ಬಿಗಿಯಾಗಿ ಹೊಲಿದಿಡುವುದಿಲ್ಲ. ಬೇಕೆನಿಸಿದ ಗಳಿಗೆಗೆ ಅದು ಅವನ ಕೈಗೆ ಸಿಗಬೇಕು. ಹಾಗಾದರೆ ಇದು ಕುಡಿಯಲಿಕ್ಕೆ ಇಟ್ಟದ್ದಲ್ಲ—ಸಿಕ್ಕಿಬೀಳಲಿ ಎಂದು ಇಟ್ಟದ್ದು.

"ಮಾಳಪ್ಪ, ಇವತ್ತ ಆ ಕೌದಿ ಯಾಕ ಮುಟ್ಟಿದಿ?"

"ಒಗ್ಯಾಕ್ರಿ. ಮೂಲ್ಯಾಗ ಏನೋ ಮೆತ್ತಗ ಕೈಗೆ ಹತ್ತಿತು."

"ಒಗಿ ಅಂತ ಹೇಳಿದವರ ಯಾರು?"

"ಇವನ ಹೇಣ್ತಿನ ರಿ. ಮೊನ್ನೆ ಭೆಟ್ಟಿಗೆ ಬಂದಾಗ ಅಂದ್ಲು—ಕಳಸೂ ದಿನ ಕೌದಿ ಒಗದ ಕಳಸರಿ ಅಂತ."

ಸೈರಾಬಾನು ಕೆಳಗೆ ನೋಡಿದಳು. ಪಾಕೀಟಿನ ಜೊತೆ ಇನ್ನೇನೋ ಬಿದ್ದಿತ್ತು. ಮಾಳಪ್ಪ ಅದನ್ನು ಕಾಲಿನಿಂದ ಸರಿಸುತ್ತಿದ್ದ.

"ತಡಿ. ಏನದು?"

"ರೊಟ್ಟಿ ಚೂರು. ಇಲಿ ತಂದಿರಬೇಕ್ರಿ."

"ಇಲಿಗೆ ಹೊಲಿಯಾಕ ಬರತೈತೇನು?"

ಚೂರನ್ನು ಅಂಗೈಯಲ್ಲಿಟ್ಟು ನೋಡಿದಳು. ಜೋಳದ ರೊಟ್ಟಿ. ಒಣಗಿತ್ತು, ಆದರೆ ಬಿಳುಪು ಮಾಸಿರಲಿಲ್ಲ. ಕೌದಿಯೋ ಒಗೆದೊಗೆದು ಬಣ್ಣ ಕಳೆದುಕೊಂಡದ್ದು. ಅದರೊಳಗಿನ ಹಳೆಯ ಚೂರಾಗಿದ್ದರೆ ಎಂದೋ ಹಿಟ್ಟಾಗಿರಬೇಕಿತ್ತು.

ಅವಳು ಸುಮ್ಮನೆ ಕಟ್ಟೆಗೆ ನಡೆದಳು. ಖಾದರ ಹಿಂದೆ ಬಂದು ಬಾಗಿಲಲ್ಲಿ ನಿಂತ.

"ಮುಮತಾಜಬಿ, ಮೊನ್ನೆ ಇದ ಕಟ್ಟಿ ಮ್ಯಾಲ ಕುಂತ ಕೌದಿ ಹೊಲದಿ. ಎಲ್ಲಾರೂ ನೋಡಿದ್ವಿ."

"ಹರದಿತ್ರಿ. ತಪ್ಪಾತೇನ್ರಿ?"

"ಹರದದ್ದು ನಡುವ. ಮೂಲಿ ಯಾಕ ಬಿಚ್ಚಿದಿ?"

ಮುಮತಾಜಬಿ ಸೆರಗು ಸರಿಪಡಿಸಿಕೊಂಡಳು.

"ಕೌದಿ ಮುಗಸೂ ಮುಂದ ಕಡೀ ಮೂಲ್ಯಾಗ ರೊಟ್ಟಿ ಚೂರ ಇಟ್ಟ ಹೊಲಿತೇವಿ. ಕೌದಿ ಹೊಟ್ಟಿ ಖಾಲಿ ಇರಬಾರದು, ಹೊತ್ತಗೊಂಡಾವ ಹಸದ ಮಲಗಬಾರದು ಅಂತ. ನಮ್ಮವ್ವನೂ ಹಂಗ ಮಾಡತಿದ್ಲು." ಸೈರಾಬಾನು ಅಂಗೈ ಚಾಚಿದಳು. "ಆಗದವ್ರು ಯಾರರ ಇಟ್ಟಿದ್ರ ಪಾಕೀಟ ಅಷ್ಟ ತುರುಕಿ ಹೋಗತಿದ್ರು. ಇದರಾಗ ಪಾಕೀಟಿನ ಜೋಡಿ ಹೊಸಾ ರೊಟ್ಟಿ ಐತಿ. ಅವನ್ನ ಸಿಗಸಾಕ ಬಂದಾಕಿಗೂ ಅವ ಹಸದ ಮಲಗೂದು ಬ್ಯಾಡಾಗಿತ್ತು. ಅಂಥಾಕಿ ಯಾರದಾರ? ನೀನ ಅಲ್ಲ?"

ಮುಮತಾಜಬಿ ರೊಟ್ಟಿಯ ಚೂರನ್ನೇ ನೋಡುತ್ತಿದ್ದಳು.

"ನಾನ ರಿ. ಅಂಗಡ್ಯಾಗ ಪಾಕೀಟ ಕೇಳೂ ಮುಂದ ಬಾಯಿ ಒಣಗಿತ್ತು."

"ಯಾಕ?" ಬಾಗಿಲಲ್ಲಿದ್ದ ಖಾದರನ ದನಿ ಒಡೆದಿತ್ತು. "ಯಾಕ, ಮುಮತಾಜ?"

"ನಿಮ್ಮ ಮಗಳು ಆಸಿಫಾ ಚಪ್ಪಲಿ ಮೆಟ್ಟಕೊಂಡ ಮಲಗತಿದ್ಲು. ಗೊತ್ತೇನು? ನೀವು ಕುಡದ ಬಂದ ಕೂಡಲೆ ಹೊರಗ ಓಡಾಕ. ಈಗ ಚಪ್ಪಲಿ ಬಿಚ್ಚಿ ಮಲಗತಾಳ."

"ನಾ ಬಿಟ್ಟೇನಿ. ಖರೇನ ಬಿಟ್ಟೇನಿ."

"ಹಿಂದಿನ ಸಲಾನೂ ಖರೇನ ಬಿಟ್ಟಿದ್ರಿ."

ಒಳಗೆ ರಿಯಾಜ ಏನೋ ಕೇಳಿದ. ಮಾಳಪ್ಪ ಅವನ ಬಾಯಿ ಮುಚ್ಚಿಸಿದ.

"ಇವನ ತಪ್ಪಿಲ್ಲ," ಎಂದಳು ಸೈರಾಬಾನು. "ನನಗ ಇವನ್ನ ಇನ್ನ ಇಲ್ಲಿ ಇಟಗೊಳ್ಳಾಕ ಬರೂದಿಲ್ಲ, ಮುಮತಾಜಬಿ. ಇವತ್ತ ಕಳಸಬೇಕು."

ಖಾದರ ಮೆಟ್ಟಿಲಿಳಿದು ಹೆಂಡತಿಯ ಎದುರು ಕುಕ್ಕರಿಸಿದ.

"ಹೊರಗ ಕಟ್ಟಿ ಮ್ಯಾಲ ಮಲಗತೀನಿ. ನೀವಿಬ್ರೂ ಒಳಗಿಂದ ಚಿಲಕ ಹಾಕ್ಕೋರಿ. ನೀ ಕರದ್ರಷ್ಟ ಒಳಗ ಬರತೀನಿ, ಇಲ್ಲಾಂದ್ರ ಇಲ್ಲ. ದುಡದದ್ದೆಲ್ಲಾ ನಿನ್ನ ಕೈಗೇ. ಊರಿಗಷ್ಟ ಕರಕೊಂಡ ನಡಿ."

ಮುಮತಾಜಬಿಯ ಕೆನ್ನೆ ತೊಯ್ದಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಅವನ ಮುಖವನ್ನು ನೇರವಾಗಿ ನೋಡಿದಳು.

"ಒಲ್ಲೆ," ಎಂದಳು.