ಕೊನೆಯವರಿಗೆ ಮೊದಲ ಐಸ್

"ಟೀಚರ್, ನಮ್ಮ ಹೆಸರನ್ನು ಒಂದು ವಾರ ಮೇಲೆ ಬರೆದ್ರೆ ನಿಮ್ಮ ಕೈಗೆ ನೋವಾಗ್ತದಾ?"

ರತ್ನಪ್ರಭಾ ಚಾಕ್‌ಪೀಸ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಿರುಗಿ ನೋಡಿದಳು. ಸ್ಕೇಟ್ಸ್ ಕೊಡುವ ಕೌಂಟರಿನ ಪಕ್ಕ, ಅಂಕಪಟ್ಟಿಯ ಕರಿಹಲಗೆಯ ಮುಂದೆ, ಎತ್ತರದ ಯುವಕನೊಬ್ಬ ನಿಂತಿದ್ದ. ಹೊರಗೆ ಮಸ್ಕತ್‌ನ ಅಕ್ಟೋಬರ್ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಲಾಗುತ್ತಿರಲಿಲ್ಲ. ಇವನ ಹುಬ್ಬಿನ ಮೇಲೆ ಮಾತ್ರ ಐಸಿನ ಪುಡಿ ಹೊಳೆಯುತ್ತಿತ್ತು. ಜಗಳಕ್ಕೆಂದೇ ಬಂದಿದ್ದರೂ ಅವನ ಮುಖದಲ್ಲಿ ಸಿಟ್ಟು ಸರಿಯಾಗಿ ಕೂತಿರಲಿಲ್ಲ. ತುಟಿ ಬಿಗಿದಿತ್ತು, ಕಣ್ಣು ನಗುತ್ತಿತ್ತು.

"ಬರೆಯೋದು ನನ್ನ ಕೈ ಅಲ್ಲ ಕಣ್ರೀ, ನಿಮ್ಮ ಹುಡುಗರ ಸ್ಟಿಕ್ಕು," ಎಂದಳು. "ಆಡಿದ್ದೆಲ್ಲ ಸೋತಿದ್ದೀರಿ. ಬೇಕಾದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ."

"ಲೆಕ್ಕ ಸರಿಯೇ ಉಂಟು ಮಾರಾಯ್ರೆ. ಸರಿ ಇಲ್ಲದ್ದು ಬೇರೆ."

"ಏನದು?"

"ಬಾಯಲ್ಲಿ ಹೇಳಿದ್ರೆ ನಂಬ್ಲಿಕ್ಕಿಲ್ಲ. ಮಂಗಳವಾರ ಸಂಜೆ ನಮ್ಮ ಪ್ರ್ಯಾಕ್ಟೀಸಿಗೆ ಬನ್ನಿ. ಹಳೇ ಚಪ್ಪಲಿ ಹಾಕ್ಕೊಂಡು ಬನ್ನಿ ಆಯ್ತಾ, ಒದ್ದೆ ಆಗ್ತದೆ."

ಇಷ್ಟು ಹೇಳಿ ಅವನು ಸ್ಕೇಟ್ಸ್ ಕಾಲಲ್ಲೇ, ಕೊಕ್ಕರೆಯ ಹಾಗೆ ಹೆಜ್ಜೆ ಎತ್ತಿಡುತ್ತಾ ರಬ್ಬರ್ ಹಾಸಿನ ಮೇಲೆ ನಡೆದುಹೋದ. ಅವಳು ತಿರುಗಿ ಬರೆಯಲು ಹೋದರೆ ಚಾಕ್‌ಪೀಸ್ ಎರಡು ತುಂಡಾಗಿತ್ತು. ಯಾವಾಗ ಮುರಿಯಿತೋ ಅವಳಿಗೇ ಗೊತ್ತಾಗಲಿಲ್ಲ.

ಮರಳುನಾಡಿನಲ್ಲಿ ಐಸ್ ಹಾಕಿಯೇ ಎಂದು ನಗಬೇಡಿ. ತೊಂಬತ್ತರ ದಶಕದ ಮೊದಲ ವರ್ಷಗಳವು. ಆ ಐಸ್ ರಿಂಕಿನ ಮ್ಯಾನೇಜರ್ ಫಿಲಿಪ್ ಮಂಗಳೂರಿನ ಬಿಜೈಯವರು, ಸುಮ್ಮನೆ ಕೂರುವ ಜನವೇ ಅಲ್ಲ. ಶುಕ್ರವಾರ ಬೆಳಿಗ್ಗೆ ರಿಂಕ್ ಖಾಲಿ ಬಿದ್ದಿರುವುದನ್ನು ನೋಡಲಾಗದೆ, ಊರಿಗೆ ಮರಳಿದ ವಿದೇಶೀ ಎಂಜಿನಿಯರುಗಳು ಬಿಟ್ಟುಹೋದ ಸ್ಟಿಕ್ಕು, ಪ್ಯಾಡುಗಳನ್ನೆಲ್ಲ ಕೂಡಿಹಾಕಿ, ನಾಲ್ಕು ಸಣ್ಣ ಕಾಲೇಜುಗಳನ್ನು ಹಿಡಿದು ತಂದು ಲೀಗ್ ಶುರುಮಾಡಿಬಿಟ್ಟಿದ್ದರು. ರುವಿಯ ಕಾಮರ್ಸ್ ಕಾಲೇಜು, ಬೌಷರ್‌ನ ಹೋಟೆಲ್ ಕಾಲೇಜು, ದೂರದ ನಿಜ್ವಾದಿಂದ ವ್ಯಾನಿನಲ್ಲಿ ಬರುವವರು, ಮತ್ತೆ ವಾದಿ ಕಬೀರ್‌ನ ಟೆಕ್ನಿಕಲ್ ಕಾಲೇಜು.

ರತ್ನಪ್ರಭಾ ಮೈಸೂರಿನವಳು. ಶಾಲೆಯಲ್ಲಿ ಗಣಿತ ಕಲಿಸುತ್ತಾ, ಬೌಷರ್‌ನಲ್ಲಿ ಸೋದರಮಾವ ದೊರೆಸ್ವಾಮಿಯವರ ಮನೆಯಲ್ಲಿದ್ದಳು. ಮಾವನ ಮಕ್ಕಳನ್ನು ಸ್ಕೇಟಿಂಗಿಗೆ ಕರೆತಂದಾಗ ಫಿಲಿಪ್ ಕೈಗೆ ಸಿಕ್ಕಿಬಿದ್ದಳು. "ಟೀಚರ್, ನೀವು ಯಾವ ಕಾಲೇಜಿನವರೂ ಅಲ್ಲ. ನೀವು ರ‍್ಯಾಂಕ್ ಬರೆದ್ರೆ ಯಾರೂ ಬೆರಳು ತೋರಿಸ್ಲಿಕ್ಕಿಲ್ಲ." ಆ ಮಾತು ಅವಳಿಗೆ ಪದಕದಂತಿತ್ತು.

ಜಗಳಕ್ಕೆ ಬಂದಿದ್ದವನು ಭೋಜರಾಜ. ಕಾರ್ಕಳ ಕಡೆಯವನು, ವಾದಿ ಕಬೀರ್ ಕಾಲೇಜಿನಲ್ಲಿ ಎ.ಸಿ. ರಿಪೇರಿ ಕಲಿಸುವ ಮೇಷ್ಟ್ರು, ಆ ತಂಡದ ಕೋಚ್. ತಂಡ ಲೀಗಿನ ತಳದಲ್ಲಿ ಲಂಗರು ಹಾಕಿ ಕೂತಿತ್ತು. ಈ ವರ್ಷ ಹಾಗೆ ಕೂರುವಂತೆಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ಕೊನೆಯ ಸ್ಥಾನದಲ್ಲಿ ಉಳಿದವರು ಲೀಗಿನಿಂದ ಹೊರಗೆ, ಅವರ ಸಮಯ ಬರ್ತ್‌ಡೇ ಪಾರ್ಟಿಗಳಿಗೆ ಎಂದು ರಿಂಕಿನ ಮಾಲೀಕರು ಹೇಳಿಬಿಟ್ಟಿದ್ದರು. ವಾರವಿಡೀ ಗ್ಯಾರೇಜುಗಳಲ್ಲಿ ಕೈ ಕಪ್ಪು ಮಾಡಿಕೊಳ್ಳುವ ಆ ಹುಡುಗರಿಗೆ ಇದ್ದ ಸಂಭ್ರಮ ಇದೊಂದೇ. ಅದು ಹೋಗದ ಹಾಗೆ ನೋಡಿಕೊಳ್ಳುವುದು ಭೋಜರಾಜನ ಪಾಲಿಗೆ ಬಿದ್ದಿತ್ತು.

ಮಂಗಳವಾರ ರತ್ನಪ್ರಭಾ ಹಳೇ ಚಪ್ಪಲಿ ಹಾಕಿಕೊಂಡೇ ಬಂದಳು.

ಲೀಗಿನಲ್ಲೊಂದು ಪದ್ಧತಿಯಿತ್ತು. ಪ್ರ್ಯಾಕ್ಟೀಸಿನ ಸರದಿ ರ‍್ಯಾಂಕಿನ ಪ್ರಕಾರ. ಯಂತ್ರ ಓಡಿಸಿ ಐಸನ್ನು ಕನ್ನಡಿ ಮಾಡಿದ ಕೂಡಲೇ ಮೊದಲ ಸ್ಥಾನದ ರುವಿಯವರು ಇಳಿಯುತ್ತಿದ್ದರು. ಆಮೇಲೆ ಎರಡನೆಯವರು, ಮೂರನೆಯವರು, ನಡುವೆ ಮಕ್ಕಳ ಸ್ಕೇಟಿಂಗ್ ಕ್ಲಾಸು. ಎಲ್ಲ ಮುಗಿದ ಮೇಲೆ ವಾದಿ ಕಬೀರ್. ಅಷ್ಟು ಹೊತ್ತಿಗೆ ಐಸ್ ಎಂಬುದು ಗೀರು ಬಿದ್ದ, ನೀರು ನಿಂತ ಅಂಗಳವಾಗಿರುತ್ತಿತ್ತು.

ಅವಳ ಕಣ್ಣೆದುರೇ ಗೋಲ್‌ಕೀಪರ್ ಉಮ್ಮರ್ ಚೆಂಡಿಗೆ ಬಿದ್ದ. ಚೆಂಡು ಎಂದರೆ ಚೆಂಡಲ್ಲ, ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ. ನೀರು ಚಿಮ್ಮಿ ಅವಳ ಸೀರೆಯ ಅಂಚಿಗೆ ಬಂತು.

"ಇದೇನ್ರೀ, ಹಾಕಿನೋ, ಮೀನು ಹಿಡಿಯೋದೋ?"

"ಮೀನು ಸಿಕ್ಕಿದ್ರೆ ಸಾರಾದ್ರೂ ಆಗ್ತಿತ್ತು ಟೀಚರೆ!" ಉಮ್ಮರ್ ಬಿದ್ದಲ್ಲಿಂದಲೇ ಕೂಗಿದ.

ನೀರಿನಲ್ಲಿ ಪಕ್ ಜಾರುತ್ತಿರಲಿಲ್ಲ, ಅಂಟಿ ನಿಲ್ಲುತ್ತಿತ್ತು. ಅದಕ್ಕೇ ಹುಡುಗರು ಅದನ್ನು ಸ್ಟಿಕ್ಕಿನ ತುದಿಯಿಂದ ಎತ್ತಿ ಹಾರಿಸುತ್ತಿದ್ದರು. ಅದು ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತಿತ್ತು. "ನಾವು ಇದಕ್ಕೆ ಕಪ್ಪೆ ಅಂತೇವೆ," ಎಂದ ಭೋಜರಾಜ. "ಇವರು ವೇಗ ಕಲಿಯುವುದು ಎಲ್ಲಿಂದ ಹೇಳಿ. ಕಲಿತದ್ದೆಲ್ಲ ಕಪ್ಪೆ ಹಾರಿಸುವುದು."

ಮೊದಲು ನಕ್ಕವಳು ಆಮೇಲೆ ನಗಲಿಲ್ಲ. ರ‍್ಯಾಂಕ್ ಮೇಲಿದ್ದರೆ ಒಳ್ಳೆಯ ಐಸ್, ಒಳ್ಳೆಯ ಐಸ್ ಸಿಕ್ಕಿದರೆ ಮತ್ತೆ ಮೇಲಿನ ರ‍್ಯಾಂಕ್. ಕೆಳಗೆ ಬಿದ್ದವರು ಏಳುವುದು ಯಾವಾಗ?

"ಮೇಲಿರೋರಿಗೆ ನಾನೇ ಏಣಿ ಹಾಕಿಕೊಟ್ಟಿದ್ದೀನಿ," ಎಂದಳು ಮೆಲ್ಲಗೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಭೋಜರಾಜ ಅದನ್ನು ನೋಡಿದ. ನೋಡದವನಂತೆ ಐಸಿನ ಕಡೆ ಮುಖ ತಿರುಗಿಸಿದ.

ಮುಂದಿನ ಶುಕ್ರವಾರ ಫಿಲಿಪ್ ಒಂದು ಮರೂನ್ ಸ್ವೆಟರ್ ತಂದುಕೊಟ್ಟರು. "ಯಾರೋ ಬಿಟ್ಟುಹೋದದ್ದು ಟೀಚರ್. ಹಾಕ್ಕೊಳ್ಳಿ. ನೀವು ನಡುಗಿದ್ರೆ ಬೋರ್ಡಿನಲ್ಲಿ ಮೂರು ಎಂಟಾಗ್ತದೆ."

ಅವಳು ತೋಳು ತೂರಿಸಿದಳು. ಉದ್ದ ಜಾಸ್ತಿ, ಬೆರಳ ತುದಿಯಷ್ಟೇ ಹೊರಗೆ. ಒಂದು ಕ್ಷಣ ಉಸಿರೆಳೆದುಕೊಂಡಳು, ಮತ್ತೆ ಚಾಕ್‌ಪೀಸ್ ಕೈಗೆತ್ತಿಕೊಂಡಳು.

ಅಂದೇ ಕೋಚ್‌ಗಳ ಮೀಟಿಂಗ್. ರತ್ನಪ್ರಭಾ ಎದ್ದು ನಿಂತು ತನ್ನ ಯೋಚನೆ ಹೇಳಿದಳು: ಇನ್ನು ಮೇಲೆ ಪ್ರ್ಯಾಕ್ಟೀಸ್ ಸರದಿ ತಿರುಗುಮುರುಗು. ಕೊನೆಯವರಿಗೆ ಮೊದಲ ಐಸ್, ಮೊದಲಿನವರಿಗೆ ಕೊನೆಯ ಐಸ್.

ರುವಿಯ ಕೋಚ್ ಮ್ಯಾಥ್ಯೂ ಕೋಟ್ಟಯಂನವರು. ಗೆದ್ದು ಗೆದ್ದು ಅವರ ಮೀಸೆಗೇ ಒಂದು ತಿರುವು ಬಂದಿತ್ತು. "ವಾಹ್ ಟೀಚರ್! ಜೀತ್ನೇವಾಲೋಂಕೋ ಸಜಾ? ಗೆದ್ದವರಿಗೇ ಶಿಕ್ಷೆಯಾ?" ಎಂದರು. "ಐಸ್ ಈಸ್ ಐಸ್. ಎಲ್ಲರಿಗೂ ಒಂದೇ. ಆಡಲು ಬರದವರು ನೆಲ ಡೊಂಕು ಅಂತಾರೆ."

"ಹಾಗಾದ್ರೆ ನಿಮಗೇನು ಕಷ್ಟ ಸಾರ್, ಐಸ್ ಒಂದೇ ಆದ್ಮೇಲೆ?" ರತ್ನಪ್ರಭಾ ತರಗತಿಯ ದನಿಯಲ್ಲಿ ಕೇಳಿದಳು. "ಇನ್ನೊಂದು ಮಾತು. ಹತ್ತು ನಿಮಿಷಕ್ಕೇ ಯಾರು ಗೆಲ್ತಾರೆ ಅಂತ ಗೊತ್ತಾಗೋ ಆಟಕ್ಕೆ ಯಾರು ಟಿಕೆಟ್ ತಗೋತಾರೆ? ಗ್ಯಾಲರಿ ನೋಡಿದ್ದೀರಾ?"

ಟಿಕೆಟ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಫಿಲಿಪ್ ಮೇಜು ತಟ್ಟಿದರು. "ಖಲಾಸ್! ಟೀಚರ್ ಹೇಳಿದ ಹಾಗೆ."

"ಮೇರೇ ಲಡ್ಕೇ ಸ್ವಿಮ್ಮಿಂಗ್ ನಹೀಂ ಕರೇಂಗೇ," ಎಂದು ಮ್ಯಾಥ್ಯೂ ಎದ್ದು ಹೋದರು. ಆಡಿದಂತೆಯೇ ಮಾಡಿದರು. ಅವರ ಹುಡುಗರು ಆ ಕೊನೆಯ ಸರದಿಗೆ ಒಂದು ದಿನವೂ ಇಳಿಯಲಿಲ್ಲ.

ಹೊರಗೆ ಖರ್ಜೂರದ ಮರದ ಕೆಳಗೆ ಭೋಜರಾಜ ಕಾಯುತ್ತಿದ್ದ. ಕೀಲಿಕೈ ಗೊಂಚಲನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ.

"ಟೀಚರ್, ಒಂದು ಚಾ ಕುಡಿಯುವಾ?"

ಅವಳಿಗೆ ಹೂಂ ಎನ್ನಬೇಕೆನಿಸಿತು. ಹೂಂ ಎನ್ನಲು ಬಾಯಿಯೂ ತೆರೆದಿತ್ತು.

"ಬೇಡ," ಎಂದಳು. "ಇವತ್ತು ನಿಮ್ಮ ಜೊತೆ ಟೀ ಕುಡಿದ್ರೆ, ನಾಳೆ ಮ್ಯಾಥ್ಯೂ ಏನಂತಾರೆ? ಭೋಜರಾಜರಿಗೋಸ್ಕರ ನಿಯಮ ತಿರುಗಿಸಿದ್ಲು ಅಂತಾರೆ. ಆಮೇಲೆ ನಿಮ್ಮ ಹುಡುಗರು ಗೆದ್ರೂ ಅದು ಗೆಲುವಲ್ಲ. ಲೀಗ್ ಮುಗಿಯೋವರೆಗೂ ಟೀ ಇಲ್ಲ. ಮಾತೂ ಇಲ್ಲ."

ಅವನು ತಲೆ ತಗ್ಗಿಸಿ ಯೋಚಿಸಿದ. ಒಪ್ಪಿದ. ಕಾರಿನ ಕಡೆ ಹೋದವನು ನಾಲ್ಕು ಹೆಜ್ಜೆಗೇ ತಿರುಗಿ ಬಂದ.

"ನೋಡಬಹುದಾ?"

"ಅದಕ್ಕೆ..." ಅವಳು ಸ್ವೆಟರಿನ ತೋಳನ್ನು ಬೆರಳ ಮೇಲೆ ಎಳೆದುಕೊಂಡಳು. "ಅದಕ್ಕೆ ನಿಯಮ ಮಾಡಿಲ್ಲ."

ಅಲ್ಲಿಂದ ಏಪ್ರಿಲ್‌ವರೆಗೆ ಅವರಿಬ್ಬರೂ ನೋಡಿದರು. ನೋಡುವುದರಲ್ಲಿ ಇಷ್ಟೊಂದು ಬಗೆಯಿದೆಯೆಂದು ರತ್ನಪ್ರಭಾಗೆ ಗೊತ್ತೇ ಇರಲಿಲ್ಲ. ಅವನು ಐಸಿನ ಆಚೆ ಬದಿಯಿಂದ ಸ್ಕೇಟ್ ಮಾಡುತ್ತಾ ಬಂದು, ಅವಳ ಮುಂದಿನ ಹಲಗೆ ಬೇಲಿಗೆ ಸ್ಟಿಕ್ಕಿನಿಂದ ಟಕ್ ಟಕ್ ಎಂದು ತಟ್ಟಿ, ಹುಡುಗರನ್ನು ಬೈಯುತ್ತಾ ಮುಂದೆ ಸಾಗುವನು. ಆ ಟಕ್ ಟಕ್ ಹುಡುಗರಿಗಲ್ಲ ಎಂಬುದು ಅವಳಿಗೆ ಗೊತ್ತು. ಅವಳು ಕರಿಹಲಗೆಯ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸುವಳು. ಅವಳ ಕಿವಿಯ ತುದಿ ಕೆಂಪಾಗುವುದನ್ನು ಅವನು ಅಷ್ಟು ದೂರದಿಂದಲೂ ಕಂಡು, ಹೆಲ್ಮೆಟ್ ಸರಿಮಾಡುವ ನೆಪದಲ್ಲಿ ನಗು ಮುಚ್ಚುವನು.

"ಏನ್ ಪುಟ್ಟೀ, ಶುಕ್ರವಾರ ಬಂದ್ರೆ ಉಪ್ಪಿಟ್ಟೂ ಬೇಡ ನಿಂಗೆ?" ದೊರೆಸ್ವಾಮಿ ಮಾವ ಒಂದು ದಿನ ಕೇಳಿದರು. "ಐಸ್ ತಿಂದ್ಕೊಂಡೇ ಇರ್ತೀಯೋ ಹೇಗೆ?"

"ಹೋಗಿ ಮಾವ. ಲೆಕ್ಕ ಇರತ್ತೆ ಬೇಜಾನ್."

"ಲೆಕ್ಕ ಮಾಡೋರು ಕನ್ನಡಿ ಮುಂದೆ ಇಷ್ಟು ಹೊತ್ತು ನಿಲ್ಲಲ್ಲಮ್ಮ."

ಇತ್ತ ಹಲಗೆಯ ಮೇಲೆ ಹೆಸರುಗಳು ಅಲುಗಾಡತೊಡಗಿದವು. ಕನ್ನಡಿಯಂಥ ಐಸಿನ ಮೇಲೆ ವಾದಿ ಕಬೀರಿನ ಹುಡುಗರು ಮೊದಲ ಸಲ ವೇಗ ಕಲಿತರು. ನಿಜ್ವಾದವರೊಂದಿಗೆ ಸಮ ಮಾಡಿಕೊಂಡರು. ಬೌಷರ್‌ನವರನ್ನು ಸೋಲಿಸಿದ ದಿನ ಉಮ್ಮರ್ ತನ್ನ ಪ್ಯಾಡುಗಳಿಗೇ ಮುತ್ತು ಕೊಟ್ಟ. ಒಂದು ಮೆಟ್ಟಿಲು ಏರಿದರೆ ಸರದಿ ಬದಲಾಗಿ ನೀರಿನ ಐಸ್ ಬರುತ್ತಿತ್ತು. ಅವರು ಗೊಣಗದೆ ಅಲ್ಲೂ ಇಳಿದು ಕಪ್ಪೆ ಹಾರಿಸುತ್ತಿದ್ದರು. ಯಾರು ಯಾರನ್ನು ಸೋಲಿಸುತ್ತಾರೋ ಹೇಳಲಾಗದಂತಾದಾಗ ಗ್ಯಾಲರಿ ತುಂಬಿತು. ನಿಜ್ವಾದವರು ಊರಿಗೆ ಊರೇ ಬಂದ ಹಾಗೆ ಖರ್ಜೂರದ ಡಬ್ಬಿಗಳೊಂದಿಗೆ ಬಂದು ಕೂತರು.

ಕೊನೆಯ ಶುಕ್ರವಾರದ ಹೊತ್ತಿಗೆ ಲೆಕ್ಕ ಸರಳವಾಗಿತ್ತು. ರುವಿಯನ್ನು ಸೋಲಿಸಿದರೆ ವಾದಿ ಕಬೀರ್ ಮೂರನೆಯ ಸ್ಥಾನಕ್ಕೇರಿ ಉಳಿಯುತ್ತದೆ. ಸೋತರೂ, ಸಮವಾದರೂ ಕೊನೆಯ ಸ್ಥಾನ, ಹೊರಗೆ.

ಜನ ಎಷ್ಟು ಬಂದರೆಂದರೆ ಫಿಲಿಪ್ ಆಟವನ್ನು ಸಂಜೆಗೆ ಹಾಕಿ, ಅದಕ್ಕೆ ಮುಂಚೆ ಎಲ್ಲರಿಗೂ ಸ್ಕೇಟಿಂಗ್ ಎಂದು ಇನ್ನೊಂದು ಟಿಕೆಟ್ ಮಾರಿಕೊಂಡರು. ಬಾಗಿಲು ಮುಚ್ಚಲು ಜನ ಬಿಡಲಿಲ್ಲ. ಏಪ್ರಿಲ್‌ನ ಬಿಸಿಗಾಳಿ ಒಳಗೆ ನುಗ್ಗಿತು. ಯಂತ್ರ ಓಡಿಸಿದರೂ ನೀರು ಹೆಪ್ಪುಗಟ್ಟಲಿಲ್ಲ. ಐಸಿನ ಮೇಲೆ ದೀಪಗಳು ಕೆರೆಯಲ್ಲಿ ಕಂಡಂತೆ ಕಂಡವು.

ಮ್ಯಾಥ್ಯೂ ಓಡಿಬಂದರು. "ಟೀಚರ್, ಪೋಸ್ಟ್‌ಪೋನ್! ಇದು ಐಸ್ ಅಲ್ಲ, ಸೂಪ್!"

ಫಿಲಿಪ್ ರತ್ನಪ್ರಭಾಳ ಮುಖ ನೋಡಿದರು. ಆಚೆ ಬದಿಯಿಂದ ಭೋಜರಾಜನೂ ನೋಡಿದ. ಕೇಳುವ ನೋಟವಾಗಿರಲಿಲ್ಲ ಅದು. ನೀವು ಏನು ಹೇಳಿದರೂ ಸರಿ ಎನ್ನುವ ನೋಟ. ಒಂದು ಮಾತು ಆಚೆ ಹೋದರೆ ಪಕ್ಷಪಾತ, ಈಚೆ ಬಂದರೆ ಅನ್ಯಾಯ. ಆಗ ನೆನಪಾಯಿತು.

"ಮ್ಯಾಥ್ಯೂ ಸಾರ್, ಮೀಟಿಂಗ್‌ನಲ್ಲಿ ನೀವೇ ಹೇಳಿದ್ರಿ. ಐಸ್ ಈಸ್ ಐಸ್, ಎಲ್ಲರಿಗೂ ಒಂದೇ. ನಾನು ನಿಮ್ಮ ಮಾತೇ ಒಪ್ತೀನಿ."

ಮ್ಯಾಥ್ಯೂ ಮೀಸೆ ತಿರುವುತ್ತಾ ಐಸಿನ ಕಡೆ ನೋಡಿದರು. ಕೊನೆಗೆ ಅವರಿಗೇ ನಗು ಬಂತು. "ಯಲ್ಲಾ, ಆಡೋಣ."

ರುವಿಯ ಹುಡುಗರು ಗಾಳಿಯಂತೆ ಬಂದು ಎರಡು ಗೋಲು ಹೊಡೆದರು. ಆಮೇಲೆ ನೀರು ಹೆಚ್ಚಿತು. ವೇಗದಲ್ಲಿ ಬಂದವರು ಜಾರಿದರು, ಪಕ್ ಅಂಟಿ ನಿಂತಿತು, ಅವರಿಗೆ ಕೈಕಾಲೇ ಆಡಲಿಲ್ಲ. ವಾದಿ ಕಬೀರಿನವರಿಗೆ ಇದು ತವರು. ಒಂದು ಕಪ್ಪೆ, ಒಂದು ಗೋಲು. ಇನ್ನೊಂದು ಕಪ್ಪೆ, ಎರಡೆರಡು ಸಮ. ಸಮವಾದರೆ ಸಾಲದು. ಗಡಿಯಾರ ಮುಗಿಯುತ್ತಾ ಬಂತು. ರತ್ನಪ್ರಭಾ ನಿಷ್ಪಕ್ಷಪಾತಿಯಾಗಿ ಕೂತಿದ್ದಳು, ಸ್ವೆಟರಿನ ತೋಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು.

ಉಮ್ಮರ್ ಗೋಲಿನ ಬಾಯಲ್ಲಿ ಪಕ್ ತಡೆದ. ತಡೆದವನು ಪಕ್ಕಕ್ಕೆ ತಳ್ಳದೆ, ಸ್ಟಿಕ್ಕನ್ನು ಅದರ ಕೆಳಗೆ ತೂರಿಸಿ ಮೇಲಕ್ಕೆ ಚಿಮ್ಮಿದ. ಇಡೀ ರಿಂಕಿನ ಉದ್ದಕ್ಕೆ ಒಂದು ದೊಡ್ಡ ಕಪ್ಪೆ! ಎದುರಾಳಿಗಳ ತಲೆಯ ಮೇಲಿಂದ ಹಾರಿ, ನೀರಿನಲ್ಲಿ ಕುಪ್ಪಳಿಸಿ, ಓಡಿಬರುತ್ತಿದ್ದ ಹುಡುಗನ ಸ್ಟಿಕ್ಕಿಗೇ ಬಂದು ಬಿತ್ತು. ಅವನು ಮುಟ್ಟಿದನಷ್ಟೇ. ಗೋಲು.

ಆ ಕೂಗಿಗೆ ತಗಡಿನ ಮಾಡು ನಡುಗಿತು. ಹುಡುಗರು ನೀರಿನಲ್ಲೇ ಹೊಟ್ಟೆಯ ಮೇಲೆ ಜಾರುತ್ತಾ ಭೋಜರಾಜನ ಕಾಲು ಹಿಡಿದು ಕೆಡವಿದರು. ಮ್ಯಾಥ್ಯೂ ಬಂದು ರತ್ನಪ್ರಭಾಳ ಕೈ ಕುಲುಕಿದರು. "ನೆಕ್ಸ್ಟ್ ಇಯರ್ ನಮ್ಮವರಿಗೂ ಸ್ವಿಮ್ಮಿಂಗ್ ಕಲಿಸ್ತೇನೆ, ಟೀಚರ್." ಫಿಲಿಪ್ ಅಷ್ಟರಲ್ಲಿ ಮಾಲೀಕರ ಕಿವಿಯಲ್ಲಿ ಏನೋ ಊದಿ ಬಂದು ಮೈಕ್ ಹಿಡಿದಿದ್ದರು. ಯಾವ ತಂಡವೂ ಹೊರಗಿಲ್ಲ, ಕೇಕ್ ಕತ್ತರಿಸುವವರು ಶನಿವಾರ ಕತ್ತರಿಸಲಿ!

ಜನ ಕರಗಿದ ಮೇಲೆ ರತ್ನಪ್ರಭಾ ಹಲಗೆ ಬರೆಯುತ್ತಿದ್ದಳು. ರುವಿ, ನಿಜ್ವಾ, ವಾದಿ ಕಬೀರ್, ಬೌಷರ್. ಹಿಂದಿನಿಂದ ಬೇಲಿಯ ಮೇಲೆ ಟಕ್ ಟಕ್.

"ಲೀಗ್ ಖಲಾಸ್, ಟೀಚರ್," ಎಂದ ಭೋಜರಾಜ. ತಲೆಯಿಂದ ಕಾಲಿನವರೆಗೂ ನೀರು ಸೋರುತ್ತಿತ್ತು. "ಈಗ ಮಾತಾಡಬಹುದಾ?"

"ಮಾತಾಡ್ಬಹುದು."

ಇಷ್ಟು ತಿಂಗಳು ಕೂಡಿಟ್ಟ ಮಾತೆಲ್ಲ ಅವನಿಗೆ ಒಟ್ಟಿಗೇ ಮರೆತುಹೋಯಿತು.

"ಆ ಸ್ವೆಟರ್..." ಎಂದ. "ಯಾರದ್ದು ಅಂತ ಗೊತ್ತುಂಟಾ ನಿಮಗೆ?"

"ಮೊದಲ ದಿನವೇ ಗೊತ್ತಾಯ್ತು. ಎ.ಸಿ. ಮೆಷಿನಿನ ಗ್ರೀಸು, ತೆಂಗಿನೆಣ್ಣೆ, ಎರಡೂ ಒಟ್ಟಿಗೆ ವಾಸನೆ ಬರೋರು ಇಡೀ ಮಸ್ಕತ್‌ನಲ್ಲಿ ಇನ್ಯಾರಿದ್ದಾರೆ?"

"ಮತ್ತೆ ಹಿಂದೆ ಕೊಡ್ಲಿಲ್ಲ?"

"ಕೊಡ್ಬೇಕಿತ್ತು." ಅವಳು ಚಾಕ್‌ಪೀಸನ್ನು ಮೆಲ್ಲಗೆ ಕೆಳಗಿಟ್ಟಳು. "ಇಡೀ ವರ್ಷ ನಾನು ಮಾಡಿದ ಪಕ್ಷಪಾತ ಅದೊಂದೇ."

ಅವನ ಕಣ್ಣಿನ ನಗು ಈಗ ತುಟಿಗೂ ಇಳಿಯಿತು. ಹಲಗೆಯ ಕಡೆ ಗದ್ದ ತೋರಿಸಿ, ದನಿ ತಗ್ಗಿಸಿ ಕೇಳಿದ: "ಟೀಮಿನದ್ದು ಗೊತ್ತಾಯ್ತು. ನಿಮ್ಮ ಲೆಕ್ಕದಲ್ಲಿ ಈ ಭೋಜರಾಜನ ರ‍್ಯಾಂಕ್ ಎಷ್ಟು?"

"ಒಬ್ಬರೇ ಇರೋ ಲೀಗ್‌ನಲ್ಲಿ ರ‍್ಯಾಂಕ್ ಹಾಕೋಕೆ ಬರಲ್ಲ ಕಣ್ರೀ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ, "ದೇವರೇ," ಎಂದನಷ್ಟೇ, ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಬೀಳ್ಬೇಡಿ. ಟೀ ಕುಡಿಸ್ತೀರೋ ಇಲ್ವೋ?"

ಬಾಗಿಲು ತೆಗೆದರೆ ಹೊರಗೆ ಕೆಂಡದಂಥ ಸಂಜೆ. ಚಹಾದಂಗಡಿಯವನು ಬೆವರು ಒರೆಸಿಕೊಳ್ಳುತ್ತಾ ಅವಳನ್ನು ವಿಚಿತ್ರವಾಗಿ ನೋಡಿದ. ಏಪ್ರಿಲ್‌ನ ಮಸ್ಕತ್‌ನಲ್ಲಿ, ಮರೂನ್ ಸ್ವೆಟರನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಅವಳು ಬಿಸಿ ಟೀ ಊದಿ ಊದಿ ಕುಡಿಯುತ್ತಿದ್ದಳು.