ದನಿ ಬಂದ ಮೇಲೆ ಕೇಳಿ

“ಕೇಳ್ತಾ ಇದೀನಲ್ಲ ಮೇಡಂ, ಬಾಯಿಲ್ವಾ ನಿಮ್ಗೆ?”

ಶಿಶುವಿಹಾರದ ವ್ಯಾನ್ ಓಡಿಸಲು ಸೇರಿದ ಮೊದಲ ದಿನವೇ ನಾನು ಅವಳ ಮೇಲೆ ಕಿರುಚಿದೆ. ವ್ಯಾನ್ ಎಲ್ಲಿ ನಿಲ್ಲಿಸಬೇಕು ಅಂತ ಮತ್ತೆ ಮತ್ತೆ ಕೇಳಿದ್ದೆ. ಗೇಟಿನ ಬಳಿ ನಿಂತಿದ್ದ ಟೀಚರ್ ನನ್ನನ್ನೇ ನೋಡುತ್ತಿದ್ದಳು, ತುಟಿ ಮಾತ್ರ ಅಲುಗಲಿಲ್ಲ. ಓದಿದವರ ಕೊಬ್ಬು ಅಂದುಕೊಂಡೆ. ಅರ್ಧಕ್ಕೆ ಸ್ಕೂಲ್ ಬಿಟ್ಟವನಿಗೆ ಅಂಥ ಕೊಬ್ಬಿನ ವಾಸನೆ ದೂರದಿಂದಲೇ ಹೊಡೆಯುತ್ತದೆ.

ಅವಳು ಸ್ಕಾರ್ಫ್ ಸರಿಸಿ ಗಂಟಲು ಮುಟ್ಟಿ ತೋರಿಸಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

“ಅಯ್ಯೋ, ನಿನ್ ಬಾಯಿಗೆ ಬೀಗ ಹಾಕ!” ಆಯಮ್ಮ ಪೊರಕೆ ಹಿಡಿದೇ ಓಡಿಬಂದಳು. “ಮಿಸ್‌ಗೆ ಗಂಟಲಲ್ಲಿ ಗಂಟು ಕಣಪ್ಪ. ಮಕ್ಕಳಿಗೆ ಹಾಡಿ ಹಾಡಿ ಬಂದಿದ್ದು. ಪಿಸುಗುಟ್ಟಲೂಬಾರದು ಅಂದಿದಾರೆ ಡಾಕ್ಟರು. ನೀನು ನೋಡಿದ್ರೆ ಗುಡುಗ್ತೀಯ!”

“ಗುಡುಗು ಮಾಮ!” ವ್ಯಾನಿನೊಳಗಿಂದ ಒಂದು ಮಗು ಕೂಗಿತು. ಅವತ್ತಿನಿಂದ ಅದೇ ನನ್ನ ಹೆಸರು.

ಬೆಳಗ್ಗೆ ಮಕ್ಕಳೆಲ್ಲ ಜಮಖಾನೆಯ ಮೇಲೆ ಸುತ್ತಲೂ ಕೂತಾಗ ಸ್ವಾಗತದ ಹಾಡೊಂದು ಬೇಕು. ಎಲ್ಲವೂ ಹೊಸ ಮಕ್ಕಳು. ಮೊದಲ ಹಾಡು ಸರಿಹೋಗದಿದ್ದರೆ ಮನೆಗೆ ಹೋಗುವ ತನಕ ಅಳುವೇ. ಹಾಡಬೇಕಾದವಳಿಗೆ ದನಿಯಿಲ್ಲ. “ನಾನು ಹಾಡಿದ್ರೆ ಬಂದಿರೋವೂ ಎದ್ದು ಓಡ್ತಾವೆ,” ಅಂದಳು ಆಯಮ್ಮ. ವ್ಯಾನಿನಲ್ಲಿ ಗಲಾಟೆ ಅಡಗಿಸಲು ನಾನು ಬಾಯಿಗೆ ಬಂದದ್ದು ಹಾಡುತ್ತಿದ್ದೆ. ಹಾಗಾಗಿ ಸಿಕ್ಕಿಹಾಕಿಕೊಂಡೆ.

ಮಕ್ಕಳನ್ನು ಮನೆಗೆ ಬಿಟ್ಟು ಬಂದ ಮೇಲೆ ಹಾಡು ಆರಿಸುವ ಕೆಲಸ. ಮೊಣಕಾಲೆತ್ತರದ ಕುರ್ಚಿಗಳಲ್ಲಿ ಎದುರುಬದುರು ಕೂರುತ್ತಿದ್ದೆವು. ಅವಳು ಸ್ಲೇಟಿನಲ್ಲಿ ಬರೆಯುವಳು, ನಾನು ಹಾಡುವೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವಾಗ ಅವಳು ಕಿಟಕಿಯಾಚೆ ಏನೋ ಕಂಡವಳಂತೆ ಅತ್ತ ತಿರುಗುತ್ತಿದ್ದಳು.

“ಓದೋಕೆ ಬರುತ್ತೆ ನಂಗೆ. ಅರ್ಜೆಂಟ್ ಮಾಡ್ಬೇಡಿ ಅಷ್ಟೇ.”

ಅರ್ಜೆಂಟ್ ಯಾರು ಮಾಡಿದರು ಎಂಬಂತೆ ಹುಬ್ಬೇರಿಸಿದಳು.

ನನ್ನ ಶ್ರುತಿ ತೀರಾ ತಗ್ಗು, ಮಕ್ಕಳ ಗಂಟಲು ಅಷ್ಟು ಕೆಳಗಿಳಿಯುವುದಿಲ್ಲ. ಅವಳು ಅಂಗೈ ಮೇಲೆತ್ತಿ ಮೇಲೆತ್ತಿ ತೋರಿಸಿದಳು. ನಾನೂ ಏರಿಸುತ್ತಾ ಹೋದೆ. ಕೊನೆಗೆ ಗಂಟಲು ಕೀರಲಾಗಿ ಕೋಳಿ ಕೂಗಿದ ಹಾಗಾಯಿತು. ಅವಳಿಗೆ ನಗು. ನಗುವ ಹಾಗೂ ಇಲ್ಲ. ಒಂದು ಕೈ ಗಂಟಲಿಗೆ, ಇನ್ನೊಂದು ಬಾಯಿಗೆ ಒತ್ತಿಕೊಂಡು ಭುಜ ಕುಲುಕಿಸುತ್ತಿದ್ದಳು, ಕಣ್ಣಂಚು ಒದ್ದೆಯಾಗಿತ್ತು. ನನ್ನನ್ನು ನೋಡಿ ಯಾರಾದರೂ ನಕ್ಕರೆ ಕೈ ಎತ್ತುವ ಮನುಷ್ಯ ನಾನು. ಅವತ್ತು ಬೇಕಂತಲೇ ಇನ್ನೊಮ್ಮೆ ಕೂಗಿದೆ.

ಚಪ್ಪಾಳೆಯ ಹಾಡು ವೇಗ ಹೆಚ್ಚಾಗಿ ಕೆಟ್ಟಿತು. ಹೆಸರು ಕರೆಯುವ ಹಾಡಿಗೆ ಎರಡು ಮಕ್ಕಳು ಮೇಜಿನಡಿ ಸೇರಿಕೊಂಡವು. ಆಮೇಲೆ ನಾನೇ ಒಂದು ಕಟ್ಟಿದೆ:

“ಬಂದೆಯಾ, ಬಂದೆಯಾ, ಚೀಲ ಇಳಿಸಿ ಬಂದೆಯಾ?
ಬಂದೆನು, ಬಂದೆನು, ಅಮ್ಮನ ಬಿಟ್ಟು ಬಂದೆನು!”

ಅಮ್ಮ ಅಂದದ್ದೇ ತಡ, ಇಡೀ ಜಮಖಾನೆ ಗೊಳೋ ಎಂದಿತು.

“ಯಾಕಪ್ಪಾ, ಸುಮ್ನಿದ್ದವರಿಗೆ ನೆನಪು ಮಾಡ್ತೀಯ?” ಆಯಮ್ಮ ಎರಡು ಕಂಕುಳಲ್ಲೂ ಮಕ್ಕಳನ್ನೆತ್ತಿಕೊಂಡು ಬೈದಳು.

ಮಿಸ್ ಆ ಸಾಲಿನ ಬದಲು ಸ್ಲೇಟಿನಲ್ಲಿ ಬೇರೆ ಬರೆದಳು: ‘ನಿನ್ನ ಪಕ್ಕ ಕೂರಲು ಬಂದೆನು.’ ಮರುದಿನ ಆ ಸಾಲಿಗೆ ಮಕ್ಕಳು ಒಂದನ್ನೊಂದು ಒತ್ತಿಕೊಂಡು ಕೂತವು. ಹಾಡು ಸಿಕ್ಕಿತು.

ಆ ಸಾಲು ಮಾತ್ರ ನನ್ನ ಜೊತೆ ಮನೆವರೆಗೂ ಬಂತು. ಮನೆ ಅಂದರೆ ಟೈರ್ ಅಂಗಡಿ ಮೇಲಿನ ಒಂದು ರೂಮು. ಮದುವೆಯಾಗಿ ಹೋದ ಅಕ್ಕ ಫೋನ್ ಮಾಡಿ, “ಊಟ ಆಯ್ತೇನೋ?” ಅನ್ನುವಳು, ನಾನು “ಹೂಂ” ಅನ್ನುವಷ್ಟರಲ್ಲಿ ಅವಳ ಮಗು ಅತ್ತು ಕರೆ ಮುಗಿಯುವುದು. ಆಮೇಲೆ ನಾನು, ನಾಲ್ಕು ಗೋಡೆ. ಮಿಸ್‌ಗೆ ದನಿ ಬಂದರೆ ಆ ಪುಟ್ಟ ಕುರ್ಚಿಯಲ್ಲೂ ನನಗೆ ಕೆಲಸವಿಲ್ಲ. ಅವಳ ಗಂಟಲು ಇನ್ನಷ್ಟು ದಿನ ಹೀಗೇ ಇರಲಿ ಎಂದು ಬಯಸಿದೆ, ಮರುಕ್ಷಣ ನನ್ನ ಮೇಲೇ ಉರಿದುಬಿದ್ದೆ.

ದನಿ ಬರುವ ಮುಂಚೆಯೇ ಹೇಳಿಬಿಡೋಣ ಅನಿಸಿತು. ವ್ಯಾನ್ ತೊಳೆಯುತ್ತಿದ್ದವನು ಬಕೆಟ್ ಇಟ್ಟು ಒಳಗೆ ಹೋದೆ.

“ಮಿಸ್, ನಿಮ್ ಎದುರು ಕೂತ್ರೆ ನಂಗೆ ಯಾರ ಮೇಲೂ ಸಿಟ್ಟು ಬರಲ್ಲ. ಮದುವೆ ಆಗ್ತೀರಾ?”

ಅವಳ ಕೆನ್ನೆ ಕೆಂಪಾಯಿತು. ಆಮೇಲೆ ಆ ಕೆಂಪು ಬೇರೆಯೇ ಆಯಿತು. ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ ಬರೆದಳು: ‘ಉತ್ತರ ಕೊಡಲು ಆಗದ ಹೊತ್ತು ನೋಡಿ ಕೇಳುತ್ತೀರಾ? ದನಿ ಬಂದ ಮೇಲೆ ಕೇಳಿ.’

ನಾನು ಓದಿ ಮುಗಿಸುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅವಳಂದದ್ದು ಸರಿ. ಇಲ್ಲ ಅನ್ನುವುದನ್ನು ಕಿವಿಯಾರೆ ಕೇಳಲು ನನಗೆ ಧೈರ್ಯವಿರಲಿಲ್ಲ.

ಮುಂದಿನ ದಿನಗಳಲ್ಲಿ ಬೆಳಗ್ಗೆ ಹಾಡಿ, ತಲೆ ತಗ್ಗಿಸಿ ವ್ಯಾನಿಗೆ ಮರಳುತ್ತಿದ್ದೆ. ಅವಳೂ ನನ್ನತ್ತ ನೋಡುತ್ತಿರಲಿಲ್ಲ. ಒಂದು ಬೆಳಗ್ಗೆ ನಾನು ಬಾಗಿಲಿಗೆ ಬರುವ ಮೊದಲೇ ಹಾಡು ಶುರುವಾಗಿತ್ತು. ಗೊಗ್ಗರು ದನಿ, ಅಲ್ಲಲ್ಲಿ ಉಸಿರಷ್ಟೇ. ಮಕ್ಕಳು ಅದರ ಸುತ್ತ ಜೋರಾಗಿ ಹಾಡುತ್ತಿದ್ದವು. ನಾನಿಲ್ಲದೆಯೂ ಎಲ್ಲ ಸರಿಯಾಗಿತ್ತು. ಹೊರಗೇ ನಿಂತೆ.

ಎಲ್ಲ ಮಕ್ಕಳನ್ನು ಬಿಟ್ಟು ಬಂದು ಖಾಲಿ ವ್ಯಾನಿನಲ್ಲಿ ಸ್ಟಿಯರಿಂಗ್ ಹಿಡಿದೇ ಕೂತೆ. ಬಿಟ್ಟುಹೋಗುವುದು ನನಗೆ ಗೊತ್ತಿದ್ದ ವಿದ್ಯೆ. ಸ್ಕೂಲನ್ನೂ ಹಾಗೇ ಬಿಟ್ಟಿದ್ದೆ. ಆದರೂ ಇಳಿದೆ.

ಅವಳು ಜಮಖಾನೆ ಸುತ್ತುತ್ತಿದ್ದಳು.

“ಮಿಸ್, ಈಗ ಕೇಳ್ತೀನಿ. ಇಲ್ಲ ಅನ್ನೋದಾದ್ರೆ ಇಲ್ಲ ಅನ್ನಿ. ನಾನು ಕಿರುಚಲ್ಲ.”

ಅವಳು ಗಂಟಲು ಸವರಿಕೊಂಡಳು. “ದಿನಕ್ಕೆ ಹತ್ತೇ ನಿಮಿಷ ಮಾತಾಡ್ಬೇಕಂತೆ. ಮಕ್ಕಳಿಗೇ ಖರ್ಚಾಗೋಯ್ತು.”

“ಎಷ್ಟು ಉಳಿದಿದೆ?”

“ಇಷ್ಟೇ ಇಷ್ಟು.”

“ಇಲ್ಲ ಅನ್ನೋಕೆ ಅಷ್ಟು ಸಾಕು.”

“ಅದಕ್ಕಾದ್ರೆ ಸಾಕಿತ್ತು,” ಅಂದಳು. ಈ ಸಲ ನನ್ನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. “ನಾನು ಹೇಳೋದು ತುಂಬಾ ಇದೆ. ನಾಳೆ ಬನ್ನಿ. ನಾಡಿದ್ದೂ ಬನ್ನಿ.”