ಕೇಳಿಸಿದರೂ ಏಳದವನು

"ನೆಲ ತೊಳೆದು ಹಾಗೇ ಬಿಟ್ಟು ಹೋದ್ಯಲ್ಲೇ... ಒಂದು ಬಟ್ಟೆ ಹಾಕಿ ಒರೆಸೋಕೆ ಎಷ್ಟು ಹೊತ್ತು ಬೇಕಿತ್ತು? ನಮ್ಮಮ್ಮನ ಸೊಂಟ ಮುರೀತು. ಈಗ ಸಮಾಧಾನ ಆಯ್ತಾ ನಿನಗೆ?"

ಅಕ್ಕನ ದನಿ ಅವನು ಕೂತಿದ್ದ ಹಜಾರವನ್ನು ದಾಟಿ, ಒಳಕೋಣೆಯಲ್ಲಿ ಅಮ್ಮ ಮಲಗಿದ್ದ ಮಂಚದವರೆಗೂ ಹೋಯಿತು. ಅವನ ಹೆಂಡತಿ ಔಷಧಿಯ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅಮ್ಮ ಬಚ್ಚಲಲ್ಲಿ ಬಿದ್ದು ಇಪ್ಪತ್ತೆರಡು ದಿನವಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ದಿನ. ಈ ಮಾತು ಕೇಳದೆ ಹೆಂಡತಿಯ ಒಂದು ದಿನವೂ ಕಳೆದಿರಲಿಲ್ಲ.

"ಒರೆಸಿದ್ದೆ ಅಂತಲೇ ನೆನಪು ಅಕ್ಕಾ... ಈಗ ಗೊತ್ತಾಗ್ತಿಲ್ಲ. ಬಸ್ಸಿನ ಅವಸರದಲ್ಲಿ ಮರೆತೆನೋ ಏನೋ..."

"ಮರೆತೆನೋ ಏನೋ! ಕೇಳಿದ್ಯೇನೋ ತಮ್ಮಾ?" ಅಕ್ಕ ಕುರ್ಚಿಯಲ್ಲಿ ಕೂತಿದ್ದ ಅವನ ಕಡೆ ತಿರುಗಿದಳು. "ನೀನೊಬ್ಬ ನಮ್ಮನೆ ಬುದ್ಧ. ಇಷ್ಟಾದ್ರೂ ಹೆಂಡತಿಗೆ ಒಂದು ಮಾತು ಅಂದಿಲ್ಲ. ನಾನಾಗಿದ್ರೆ ಮನೆ ಹಾರಿಸಿಬಿಡ್ತಿದ್ದೆ."

ಅವನು ತಲೆ ತಗ್ಗಿಸಿದ. ಅಕ್ಕ ಅದನ್ನು ತಾಳ್ಮೆ ಎಂದುಕೊಂಡಳು. ಹೆಂಡತಿ ಅದನ್ನು ಕ್ಷಮೆ ಎಂದುಕೊಂಡಳು; ಆ ಕ್ಷಮೆಗಾಗಿ ಅವಳ ಕಣ್ಣು ತುಂಬಿ ಬಂತು. ಅವನಿಗೆ ಮಾತ್ರ ಗೊತ್ತಿತ್ತು, ನೆಲ ಒಣಗಿತ್ತೆಂದು! ಆ ದಿನ ಅವಳು ಕೆಲಸಕ್ಕೆ ಹೋದ ಮೇಲೆ ಅವನೇ ಬಚ್ಚಲಿಗೆ ಹೋಗಿ ಸಿಂಕಿನಲ್ಲಿ ಮುಖ ತೊಳೆದಿದ್ದ. ಅಂಗಾಲಿಗೆ ಒಂದು ಹನಿ ನೀರೂ ತಾಗಿರಲಿಲ್ಲ. ಅಮ್ಮ ತಲೆಸುತ್ತಿ ಬೀಳುವಾಗ ಬಕೆಟ್ಟಿನ ಅಂಚು ಹಿಡಿದಿದ್ದಳು, ಅದು ಮಗುಚಿ ನೀರು ಚೆಲ್ಲಿತ್ತು. ಮಗುಚಿದ್ದ ಬಕೆಟ್ಟನ್ನು ಪಕ್ಕದ ಮನೆಯವರು ಓಡಿಬರುವ ಮುಂಚೆ ನೆಟ್ಟಗೆ ಇಟ್ಟವನು ಅವನೇ. ಯಾಕೆ ಹಾಗೆ ಮಾಡಿದನೋ... ಕೈ ತಾನಾಗಿ ಮಾಡಿತು. ಇಷ್ಟನ್ನು ಹೇಳಿದ್ದರೆ ಹೆಂಡತಿ ಬೈಗುಳದಿಂದ ಉಳಿಯುತ್ತಿದ್ದಳು. ಆದರೆ ಇದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ನೀನು ಮನೆಯಲ್ಲೇ ಇದ್ಯಲ್ಲ, ಅಮ್ಮ ಕೂಗಲಿಲ್ಲವೇ?

ಕೂಗಿದ್ದಳು.

ಅವನು ಲಿಫ್ಟ್ ರಿಪೇರಿಯವನು. ನಡುವೆ ಸಿಕ್ಕಿಕೊಂಡವರು ಗಂಟೆ ಒತ್ತಿದರೆ ಎಲ್ಲಿದ್ದರೂ ಓಡಬೇಕು. ಊಟದ ಕೈ ತೊಳೆಯಲೂ ಬಿಡದೆ ಫೋನು ಕೂಗುತ್ತಿತ್ತು. ಹದಿನೇಳು ವರ್ಷ ಹಾಗೆ ಓಡಿ ಓಡಿ, ಕೊನೆಗೆ ನಿದ್ದೆಯಲ್ಲೂ ಗಂಟೆ ಕೇಳಿಸತೊಡಗಿದಾಗ, ಯಾರೋ ಹೇಳಿದರೆಂದು ಒಂದು ಧ್ಯಾನಕೇಂದ್ರಕ್ಕೆ ಹೋಗಿ ಹತ್ತು ದಿನ ಕೂತು ಬಂದ. ಅಲ್ಲಿನ ವೃದ್ಧ ಭಿಕ್ಷು ಕಲಿಸಿದ್ದು ಬಹಳ ಸರಳವಾಗಿತ್ತು. ಬಂದದ್ದನ್ನು ಗುರುತಿಸು, ಹಿಡಿಯಬೇಡ, ತಳ್ಳಬೇಡ. ನೋವು ಬಂದರೆ ನೋವು. ಯೋಚನೆ ಬಂದರೆ ಯೋಚನೆ. ಶಬ್ದ ಬಂದರೆ ಶಬ್ದ. ಅಂದಿನಿಂದ ಬೆಳಗ್ಗೆ ಆರರಿಂದ ಏಳು ಅವನದೇ ಗಂಟೆಯಾಯಿತು. ಫೋನು ಬಂದ್, ಬಾಗಿಲು ಬಂದ್. "ಏಳಕ್ಕೆ ಸರಿಯಾಗಿ ಟೀ ಕೇಳೋದು ಮಾತ್ರ ಯಾವ ಧ್ಯಾನದಲ್ಲೂ ಮರೆಯಲ್ಲ" ಎಂದು ರಜೆಯ ದಿನ ಹೆಂಡತಿ ನಗುತ್ತಿದ್ದಳು. ನಗುತ್ತಲೇ ಇಡೀ ಮನೆಯನ್ನು ಆ ಒಂದು ಗಂಟೆ ಪಿಸುಮಾತಿನಲ್ಲಿ ನಡೆಸುತ್ತಿದ್ದಳು.

ಆ ದಿನ ಕೂತು ಹದಿನೈದು ನಿಮಿಷವೂ ಆಗಿರಲಿಲ್ಲ. ಏನೋ ಬಿದ್ದ ಸದ್ದು. ಹಿಂದೆಯೇ, "ಮಗಾ!" ಎಂಬ ಕೂಗು. ಶಬ್ದ... ಎಂದುಕೊಂಡ. ಶಬ್ದ... ಶಬ್ದ... ಇನ್ನೊಮ್ಮೆ "ಮಗಾ..." ಎಂದದ್ದು ಮೊದಲಿಗಿಂತ ಮೆಲ್ಲಗಿತ್ತು. ಅವನು ಮೂಗಿನಿಂದ ಉಸಿರನ್ನು ಜೋರಾಗಿ ಹೊರಬಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ ಅಮ್ಮ ಕೂಗಲಿಲ್ಲ. ಅಯ್ಯೋ, ಆ ದಿನ ಬಂದಂಥ ಶಾಂತಿ ಅವನಿಗೆ ಅದುವರೆಗೂ ಬಂದಿರಲಿಲ್ಲ! ಮೈ ಹಗುರಾಗಿ, ಮನಸ್ಸು ನಿಂತ ನೀರಿನಂತಾಗಿ, ಧ್ಯಾನವೆಂದರೆ ಇದೇ ಇರಬೇಕು ಎನ್ನಿಸಿತ್ತು. ಗೋಡೆಯಾಚೆ ಅಮ್ಮ ಒದ್ದೆ ಸೀರೆಯಲ್ಲಿ ನಲವತ್ತೈದು ನಿಮಿಷ ಬಿದ್ದಿದ್ದಳು.

ಹಿಂದಿನ ಭಾನುವಾರ ಅವನು ಭಿಕ್ಷುವಿನ ಬಳಿ ಹೋಗಿದ್ದ. ಅವರು ಕಿತ್ತುಹೋದ ಚಪ್ಪಲಿ ಪಟ್ಟಿಗೆ ಹೊಲಿಗೆ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ನೀವು ಹೇಳಿಕೊಟ್ಟ ಹಾಗೇ ಮಾಡಿದೆ ಸ್ವಾಮಿ. ಶಬ್ದ ಅಂತ ಗುರುತಿಸಿ ಬಿಟ್ಟೆ" ಎಂದ. ತನ್ನ ದನಿಯಲ್ಲಿ ದೂರು ಇದ್ದದ್ದು ಅವನಿಗೇ ಕೇಳಿಸಿತು.

"ಶಬ್ದ ಆದ ಮೇಲೆ ಏನು ಬಂತು?"

"ಏನೂ ಇಲ್ಲ."

ಅವರು ಸೂಜಿ ನಿಲ್ಲಿಸಿ ಕಾದರು.

"...ಸಿಟ್ಟು ಬಂತು" ಎಂದ ಅವನು. "ಈ ಒಂದು ಗಂಟೆಯೂ ನನಗೆ ಬಿಡಲ್ಲವಲ್ಲ ಇವರು ಅಂತ."

"ಅದನ್ನ ಗುರುತಿಸಿದ್ರಾ?"

"ಇಲ್ಲ."

"ಈಗ ಗುರುತಿಸಿದ್ರಲ್ಲ. ಆದ್ರೆ ಇದನ್ನ ನನಗ್ಯಾಕೆ ಹೇಳ್ತಿದ್ದೀರಿ? ಬಿದ್ದವಳು ನಿಮ್ಮ ತಾಯಿ. ಬೈಸಿಕೊಳ್ತಿರೋಳು ನಿಮ್ಮ ಹೆಂಡತಿ. ನಾನು ಇಲ್ಲಿ ಚಪ್ಪಲಿ ಹೊಲೀತಾ ಇದ್ದೀನಿ."

ಅಲ್ಲಿಂದ ಬಂದು ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ್ದ.

"ಇನ್ನು ಮೇಲೆ ಆ ಹೊಲಿಗೆ ಕಾರ್ಖಾನೆ ಸಾಕು. ಮನೇಲಿದ್ದು ಅಮ್ಮನ್ನ ನೋಡ್ಕೋ. ಅಷ್ಟಾದ್ರೂ ಋಣ ತೀರಲಿ" ಎಂದು ಅಕ್ಕ ತೀರ್ಪು ಕೊಟ್ಟಳು.

"ರಾಜೀನಾಮೆ ಬರೆದಿಟ್ಟಿದ್ದೀನಿ ಅಕ್ಕಾ" ಎಂದು ಹೆಂಡತಿ ಸೆರಗಿನ ತುದಿಯಿಂದ ಮಡಿಸಿದ ಕಾಗದ ತೆಗೆದಳು. ಹನ್ನೆರಡು ವರ್ಷ ಬಟ್ಟೆ ಕತ್ತರಿಸಿ, ಹೋದ ತಿಂಗಳಷ್ಟೇ ಅಲ್ಲಿನ ಕತ್ತರಿ ಮೇಜಿನ ಮೇಲ್ವಿಚಾರಕಿಯಾಗಿದ್ದಳು ಅವಳು. "ನಾಳೆ ಕೊಟ್ಟು ಬರ್ತೀನಿ. ನನ್ನಿಂದಲೇ ಆಗಿದ್ದಲ್ವಾ..."

ಅವನು ಎದ್ದು ನಿಂತ.

"ಕೊಡಬೇಡ. ನೆಲ ಒಣಗಿತ್ತು. ನೀನು ಒರೆಸಿದ್ದೆ."

"ಏನೋ ಹಾಗಂದ್ರೆ?" ಎಂದಳು ಅಕ್ಕ.

"ಬಕೆಟ್ ಮಗುಚಿ ನೀರು ಚೆಲ್ಲಿತ್ತು. ಎತ್ತಿಟ್ಟೋನು ನಾನೇ... ಅಮ್ಮ ಕೂಗಿದ್ಲು ಅಕ್ಕಾ. ಎರಡು ಸಲ. ನನಗೆ ಕೇಳಿಸ್ತು. ಕೇಳಿಸ್ತಾ ಇದ್ದ ಹಾಗೇ ಕೂತಿದ್ದೆ. ಏಳಲಿಲ್ಲ!"

ಒಳಗಿನಿಂದ ಅಮ್ಮನ ದನಿ ಬಂತು.

"ಬಿಡೋ ಮಗಾ... ನನಗೆ ಗೊತ್ತಿತ್ತು."

ಮೂವರೂ ಕೋಣೆಯ ಬಾಗಿಲಿಗೆ ಹೋದರು. ಅಮ್ಮ ಮೇಲಿನ ಸೂರನ್ನೇ ನೋಡುತ್ತಿದ್ದಳು.

"ಎರಡನೇ ಸಲ ಕೂಗಿದಾಗ ನೀನು ಉಸಿರುಬಿಟ್ಟಿದ್ದು ಕೇಳಿಸ್ತು. ಚಿಕ್ಕೋನಿದ್ದಾಗ ಆಟದ ಮಧ್ಯೆ ಕರೆದ್ರೂ ಹಾಗೇ ಬಿಡ್ತಿದ್ದೆ. ಸಿಟ್ಟು ಬಂದಿದೆ ಇವನಿಗೆ, ಆಮೇಲೆ ಬರ್ತಾನೆ ಅಂತ ಸುಮ್ಮನಾದೆ..." ಅವಳು ಮಗಳ ಕಡೆ ಕಣ್ಣು ತಿರುಗಿಸಿದಳು. "ತಲೆಸುತ್ತಿ ಬಿದ್ದೆ ಅಂತ ಇವಳಿಗೆ ಒಂದು ಸಲ ಹೇಳಿದೆ, ಇವಳು ಕೇಳಲಿಲ್ಲ. ಮತ್ತೆ ಹೇಳಲಿಲ್ಲ ನಾನು. ಹೇಳಿದ್ರೆ ನಿನ್ನ ವಿಷಯ ಬರುತ್ತೆ ಅಂತ. ಸೊಸೆ ಬೈಸಿಕೊಳ್ತಿದ್ರೆ, ಇದೇ ಮಂಚದ ಮೇಲೆ, ಅವಳ ಕೈಯಲ್ಲೇ ಗಂಜಿ ಕುಡೀತಾ ಸುಮ್ಮನಿದ್ದೆ ಕಣೋ!"

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಅವನು ಹೆಂಡತಿಯ ಮುಖ ನೋಡಿದ. ಅವಳು ಅಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದ. ಹಾಗಾಗಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಇಪ್ಪತ್ತೆರಡು ದಿನ..." ಎಂದಳು ಅವಳು, ತೀರಾ ಮೆಲ್ಲಗೆ. "ಕಣ್ಣು ಮುಚ್ಚಿದ್ರೆ ಸಾಕು, ಆ ನೆಲಾನ ಮತ್ತೆ ಮತ್ತೆ ಒರೆಸ್ತಿದ್ದೆ ನಾನು. ನೀವು ಪಕ್ಕದಲ್ಲೇ ಮಲಗಿರ್ತಿದ್ರಿ."

"ತಪ್ಪಾಯ್ತು..."

"ಆಯ್ತು. ಅದನ್ನ ಈಗ ನಾನೇನು ಮಾಡ್ಲಿ ಹೇಳಿ?" ಔಷಧಿಯ ಲೋಟವನ್ನು ಅವನ ಕೈಗೆ ಕೊಟ್ಟಳು. "ನಾಳೆ ಮೊದಲ ಬಸ್ಸಿಗೆ ಕೆಲಸಕ್ಕೆ ಹೋಗ್ತೀನಿ. ಅತ್ತೇನ ನೀವು ನೋಡ್ಕೊಳ್ಳಿ."

ಅವನು ಅಮ್ಮನಿಗೆ ಔಷಧಿ ಕುಡಿಸಿದ. ಸ್ವಲ್ಪ ಹೊತ್ತಿಗೆ ಅಮ್ಮ ಸಂಕೋಚದಿಂದ ಮಿಸುಕಾಡಿದಳು. ಮೂತ್ರಕ್ಕೆ ಮಂಚದ ಕೆಳಗಿನ ಬೇಸಿನ್ ಬೇಕಿತ್ತು. ಅಕ್ಕ ಮುಂದೆ ಬಂದಳು. ಅವನು ಬೇಡವೆಂದು ತಾನೇ ಬಗ್ಗಿದ. ಎಲ್ಲಿ ಕೈ ಹಾಕಬೇಕು, ಹೇಗೆ ಎತ್ತಬೇಕು, ಅವನಿಗೆ ತಿಳಿಯಲಿಲ್ಲ. ಇಷ್ಟು ದಿನ ಒಮ್ಮೆಯೂ ಎತ್ತಿರಲಿಲ್ಲ.

"ಸೊಂಟಕ್ಕೆ ಕೈ ಹಾಕಬೇಡಿ" ಎಂದಳು ಹೆಂಡತಿ ಬಾಗಿಲಿನಿಂದ, ಅವನ ಕಡೆ ನೋಡದೆ. "ಎಡಗಾಲು ಮಡಿಸಿ. ಬೆನ್ನ ಕೆಳಗೆ ತೋಳು ಕೊಡಿ... ಅವಸರ ಮಾಡಬೇಡಿ."

ಹೇಳಿ ಅಡುಗೆಮನೆಗೆ ಹೋದಳು. ಅವನು ತೋಳು ಕೊಟ್ಟು ಎತ್ತಿದ. ಅಮ್ಮ ಮುಖ ಕಿವುಚಿದಳು.

"ನೋವಾಯ್ತಾ ಅಮ್ಮಾ?"

"ಆಯ್ತು" ಎಂದಳು ಅಮ್ಮ. "ಬಿಡಬೇಡ, ಹಿಡ್ಕೋ."